ನೆರಳಿನ ನಕ್ಷೆ

ಬಿಸಿಲನ್ನು ಯಾರೂ ಕ್ರಯಕ್ಕೆ ಕೊಳ್ಳುವುದಿಲ್ಲ. ಅಂಗಳದಲ್ಲಿ ಹಪ್ಪಳ ಒಣಹಾಕುವ ಗೃಹಿಣಿಯಾಗಲಿ, ಕಣದಲ್ಲಿ ರಾಗಿ ಹರಡುವ ರೈತನಾಗಲಿ ಅದಕ್ಕಾಗಿ ಯಾರಿಗೂ ಕಾಸು ತೆತ್ತವರಲ್ಲ. ಆದರೆ ಪಕ್ಕದಲ್ಲೊಂದು ಎತ್ತರದ ಗೋಡೆಯೆದ್ದು ಆ ಬಿಸಿಲನ್ನು ತಡೆದ ದಿನ ಅದರ ಬೆಲೆ ತಾನಾಗಿ ತಿಳಿದುಬರುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಈ ಬೆಲೆ ಚೆನ್ನಾಗಿ ತಿಳಿದುದು 1915ರಲ್ಲಿ. ಅಲ್ಲಿಯ ಬ್ರಾಡ್‌ವೇ ಬೀದಿಯಲ್ಲಿ ಆ ವರ್ಷ ಈಕ್ವಿಟಬಲ್ ಬಿಲ್ಡಿಂಗ್ ಎಂಬ ಕಟ್ಟಡ ಪೂರ್ಣವಾಯಿತು. ನಲವತ್ತು ಅಂತಸ್ತುಗಳಿಗೆ ಸಮೀಪವಾದ ಎತ್ತರ. ಎಲ್ಲಿಯೂ ಒಳಸರಿಯದೆ ನೆಟ್ಟಗೆ ಮೇಲೆದ್ದ ಗೋಡೆ. ನಡುಹಗಲಿನಲ್ಲಿ ಅದು ಸುತ್ತಲಿನ ಬೀದಿಗಳ ಮೇಲೂ ಕಟ್ಟಡಗಳ ಮೇಲೂ ಹಾಸುತ್ತಿದ್ದ ನೆರಳು ಏಳು ಎಕರೆಯಷ್ಟೆಂದು ಜನ ಲೆಕ್ಕ ಹಾಕಿದರು. ನಮ್ಮ ನಾಡಿನಲ್ಲಿ ಏಳು ಎಕರೆಯೆಂದರೆ ಒಂದು ಸಂಸಾರದ ಹೊಲ. ಮರುವರ್ಷ, ಎಂದರೆ 1916ರಲ್ಲಿ, ಕಟ್ಟಡಗಳು ಮೇಲೇರಿದಂತೆಲ್ಲ ಮೆಟ್ಟಿಲುಮೆಟ್ಟಿಲಾಗಿ ಹಿಂದಕ್ಕೆ ಸರಿಯಬೇಕೆಂಬ ಕಟ್ಟಳೆಯನ್ನು ನಗರಾಡಳಿತವು ಮಾಡಿತು. ಬೀದಿಗೆ ಬೆಳಕೂ ಗಾಳಿಯೂ ದೊರೆಯಲೆಂಬುದು ಅದರ ಉದ್ದೇಶವಾಗಿದ್ದಿತು.

ಅದೇ ನಗರವು ಸುಮಾರು ಒಂದು ಶತಮಾನದ ತರುವಾಯ ಇನ್ನೊಮ್ಮೆ ನೆರಳಿನ ಲೆಕ್ಕಕ್ಕೆ ಕುಳಿತಿತು. ಈ ಸಲ ಬೀದಿಯ ನೆರಳಲ್ಲ, ಮಾಳಿಗೆಗಳ ಮೇಲಣ ನೆರಳು; ಒಂದು ಕಟ್ಟಡದ್ದಲ್ಲ, ಹತ್ತು ಲಕ್ಷದಷ್ಟು ಕಟ್ಟಡಗಳದ್ದು. ಲೆಕ್ಕದ ಫಲವನ್ನು ಒಂದು ನಕ್ಷೆಯ ರೂಪದಲ್ಲಿ ಅಂತರಜಾಲಕ್ಕೆ ಏರಿಸಿ, 2011ರ ಜೂನ್ ತಿಂಗಳಲ್ಲಿ ಎಲ್ಲರಿಗೂ ತೆರೆದಿಟ್ಟರು. ಮನೆಯ ಬಾಗಿಲ ಸಂಖ್ಯೆಯನ್ನೂ ಬೀದಿಯ ಹೆಸರನ್ನೂ ಬರೆದರೆ ಸಾಕು. ಆ ಮನೆಯ ಮಾಳಿಗೆ ಆಕಾಶದಿಂದ ನೋಡಿದಂತೆ ತೆರೆಯ ಮೇಲೆ ಮೂಡುತ್ತಿತ್ತು. ಅಲ್ಲಿ ಎಷ್ಟು ಜಾಗ ಸೌರಫಲಕಗಳಿಗೆ ತಕ್ಕುದು, ಅವುಗಳಿಂದ ವರ್ಷಕ್ಕೆ ಎಷ್ಟು ವಿದ್ಯುತ್ತು ದೊರೆತೀತು, ಖರ್ಚೆಷ್ಟು, ಉಳಿತಾಯವೆಷ್ಟು ಎಂಬ ಅಂದಾಜು ಅದರ ಪಕ್ಕದಲ್ಲಿಯೇ ಕಾಣುತ್ತಿತ್ತು. ಸಿದ್ಧಪಡಿಸಿದವರು ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯದವರು. ಗಣನೆಯ ಭಾರವನ್ನು ಹೊತ್ತುದು ಅದಕ್ಕೆ ಸೇರಿದ ಹಂಟರ್ ಕಾಲೇಜಿನ ಪ್ರಯೋಗಶಾಲೆ.

ಇಷ್ಟು ಶ್ರಮವೇಕೆ ಎಂದು ವಾಚಕರು ಕೇಳಬಹುದು. ಮಾಳಿಗೆಯ ಮೇಲೆ ಬಿಸಿಲು ಬೀಳುತ್ತದೆಯೇ ಇಲ್ಲವೇ ಎಂಬುದನ್ನು ಅರಿಯಲು ಮನೆಯವನು ಮೆಟ್ಟಿಲು ಹತ್ತಿ ನೋಡಿದರೆ ಸಾಲದೆ? ಸಾಲದು. ಅವನು ನೋಡುವುದು ಒಂದು ದಿನದ ಒಂದು ಗಳಿಗೆಯನ್ನು. ಫಲಕವಾದರೋ ಇಪ್ಪತ್ತೈದು ವರ್ಷಗಳ ಕಾಲ, ಎಲ್ಲ ಋತುಗಳಲ್ಲಿಯೂ, ಬೆಳಗಿನಿಂದ ಸಂಜೆಯವರೆಗೆ ಅಲ್ಲಿರಬೇಕಾದುದು. ಮೇಲಾಗಿ ಫಲಕಕ್ಕೂ ನೆರಳಿಗೂ ಇರುವ ವೈರ ನಾವು ಊಹಿಸುವುದಕ್ಕಿಂತ ಹೆಚ್ಚಿನದು.

ಈ ವೈರದ ಕಾರಣವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಸೌರಕೋಶವೆಂಬುದು ಸಿಲಿಕಾನಿನ ಒಂದು ತೆಳುಬಿಲ್ಲೆ. ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1954ರಲ್ಲಿ ಲೋಕಕ್ಕೆ ತೋರಿಸಿದ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಮನೆಗಳ ಮೇಲೆ ಕೂರಿಸುವ ಉತ್ತಮ ಫಲಕಗಳಲ್ಲಿ ಈ ಪ್ರಮಾಣ ಇಪ್ಪತ್ತನ್ನು ಮೀರಿದೆ. ಒಂದೊಂದು ಕೋಶ ಕೊಡುವ ವಿದ್ಯುತ್ತಿನ ಒತ್ತಡ ಬಹಳ ಕಡಮೆ, ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಆದುದರಿಂದ ಹತ್ತಾರು ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಸಾಲಾಗಿ ಹೊಂದಿಸುತ್ತಾರೆ. ಇಲ್ಲಿಯೇ ತೊಡಕು ಹುಟ್ಟುವುದು. ಮನೆಗೆ ತಾರಸಿ ಹಾಕುವ ದಿನ ಕೆಲಸದವರು ಏಣಿಯುದ್ದಕ್ಕೂ ನಿಂತು ಕಾಂಕ್ರೀಟಿನ ಬಾಂಡಲಿಗಳನ್ನು ಕೈಯಿಂದ ಕೈಗೆ ಸಾಗಿಸುವುದನ್ನು ಎಲ್ಲರೂ ಕಂಡಿದ್ದೇವೆ. ಸಾಲಿನಲ್ಲಿ ಒಬ್ಬನು ಸೋತು ನಿಧಾನಿಸಿದರೆ ಉಳಿದವರೆಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ಮೇಲಕ್ಕೆ ಮುಟ್ಟುವ ಬಾಂಡಲಿಗಳು ಆ ಒಬ್ಬನ ವೇಗಕ್ಕೆ ಇಳಿಯುತ್ತವೆ. ಕೋಶಗಳ ಸಾಲಿನ ಸ್ಥಿತಿಯೂ ಅದೇ. ನೆರಳಿಗೆ ಸಿಕ್ಕಿದ ಒಂದು ಕೋಶವು ತನ್ನ ಪಾಲನ್ನು ಕಳೆದುಕೊಳ್ಳುವುದಲ್ಲದೆ ಇಡೀ ಸಾಲಿನ ಪ್ರವಾಹವನ್ನೇ ಕುಗ್ಗಿಸುತ್ತದೆ. ಸೋತವನನ್ನು ಬಿಟ್ಟು ಬಳಸಿಕೊಂಡು ಹೋಗಲು ಫಲಕದೊಳಗೆ ಡಯೋಡುಗಳ ಅಡ್ಡದಾರಿಯನ್ನು ಇಟ್ಟಿರುತ್ತಾರೆ, ನಿಜ. ಆಗಲೂ ಸಾಲಿನ ಒಂದು ಭಾಗವೇ ಕೆಲಸದಿಂದ ಹೊರಗುಳಿಯುತ್ತದೆ. ನೀರಿನ ತೊಟ್ಟಿಯ ಕೊಳವೆಯೊಂದರ ನೆರಳು ನೋಡಲು ಅಲ್ಪವೇ. ಆದರೆ ಅದು ಮಾಡುವ ಹಾನಿ ಅದರ ಅಗಲಕ್ಕೆ ತಕ್ಕಷ್ಟಲ್ಲ.

ಇನ್ನು ನೆರಳು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಮಾಳಿಗೆಯ ಮೇಲಣ ಮೆಟ್ಟಿಲಮನೆ 3 ಮೀಟರು ಎತ್ತರವಿದೆಯೆಂದು ಇಟ್ಟುಕೊಳ್ಳೋಣ. ಡಿಸೆಂಬರ್ 21ರ ನಡುಹಗಲು ನ್ಯೂಯಾರ್ಕಿನಲ್ಲಿ ಸೂರ್ಯನು ದಿಗಂತದಿಂದ ಸುಮಾರು 26 ಅಂಶಗಳಷ್ಟು ಮಾತ್ರ ಮೇಲೇರುವುದರಿಂದ ಅದರ ನೆರಳು 6 ಮೀಟರಿಗೂ ತುಸು ಉದ್ದವಾಗಿರುತ್ತದೆ; ಬೆಳಗಿನ ಒಂಬತ್ತು ಗಂಟೆಗೆ ಸುಮಾರು 12 ಮೀಟರು. ಅದೇ ದಿನ ಬೆಂಗಳೂರಿನಲ್ಲಿ ನಡುಹಗಲ ಸೂರ್ಯನ ಎತ್ತರ 53 ಅಂಶಗಳಿಗೂ ಮೇಲೆ. ನೆರಳು 2 ಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ 5 ಮೀಟರನ್ನು ಮೀರುತ್ತದೆ. ಬೆಂಗಳೂರಿನವರಿಗೆ ಇನ್ನೊಂದು ವಿಶೇಷವುಂಟು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆಗ ಮೆಟ್ಟಿಲಮನೆಯ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನ್ಯೂಯಾರ್ಕಿನಲ್ಲಿ ಇದು ಎಂದಿಗೂ ಸಂಭವಿಸದು. ಮನೆಯಲ್ಲಿ ಮಾಳಿಗೆಯಿರುವ ವಿದ್ಯಾರ್ಥಿಗಳು ಬರುವ ಡಿಸೆಂಬರಿನಲ್ಲಿ ಒಂದು ದಿನ ಒಂಬತ್ತು, ಹನ್ನೆರಡು, ಮೂರು ಗಂಟೆಗಳಿಗೆ ಸೀಮೆಸುಣ್ಣದಿಂದ ನೆರಳಿನ ಅಂಚನ್ನು ಗುರುತುಮಾಡಿ ನೋಡಬೇಕು. ಮೂರು ಗುರುತುಗಳಲ್ಲಿ ಒಂದಕ್ಕೂ ಒಳಪಡದ ಜಾಗವೇ ಫಲಕಕ್ಕೆ ಯೋಗ್ಯವಾದುದು. ಎಷ್ಟೋ ಮಾಳಿಗೆಗಳಲ್ಲಿ ಅಂತಹ ಜಾಗ ನಾವೆಣಿಸಿದ್ದರ ಅರ್ಧವೂ ಉಳಿಯದು.

ಒಂದು ಮಾಳಿಗೆಗೆ ಸೀಮೆಸುಣ್ಣ ಸಾಕು. ಹತ್ತು ಲಕ್ಷ ಮಾಳಿಗೆಗಳಿಗೆ? ಮೊದಲು ಅವುಗಳ ಆಕಾರವೂ ಎತ್ತರವೂ ತಿಳಿಯಬೇಕು; ಸುತ್ತಲಿನ ಕಟ್ಟಡಗಳದೂ ಮರಗಳದೂ ತಿಳಿಯಬೇಕು. ಅದಕ್ಕಾಗಿ 2010ರಲ್ಲಿ ನ್ಯೂಯಾರ್ಕಿನ ಮೇಲೆ ಲೈಡಾರ್ ಉಪಕರಣವನ್ನು ಹೊತ್ತ ವಿಮಾನವನ್ನು ಹಾರಿಸಿದರು. ಲೈಡಾರ್ ಎಂದರೆ ಬೆಳಕಿನಿಂದ ದೂರವನ್ನು ಅಳೆಯುವ ಸಾಧನ. ವಿಮಾನದಿಂದ ಕೆಳಕ್ಕೆ ಲೇಸರ್ ಬೆಳಕಿನ ಒಂದು ಮಿಡಿತವನ್ನು ಬಿಡುತ್ತಾರೆ. ಅದು ಮಾಳಿಗೆಗೋ ನೆಲಕ್ಕೋ ತಾಗಿ ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಕಾಲದಿಂದ ದೂರವನ್ನು ಕಂಡುಕೊಳ್ಳುತ್ತಾರೆ. ಬಾವಿಯೊಳಕ್ಕೆ ಕೂಗಿ ಪ್ರತಿಧ್ವನಿಗೆ ಕಿವಿಗೊಡುವಂತಹ ಉಪಾಯವೇ. ವ್ಯತ್ಯಾಸವಿರುವುದು ವೇಗದಲ್ಲಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುವುದರಿಂದ, ವಿಮಾನ ಒಂದು ಕಿಲೋಮೀಟರು ಎತ್ತರದಲ್ಲಿದ್ದರೆ ಮಿಡಿತ ಹೋಗಿಬರಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಏಳು ಭಾಗದಷ್ಟು ಕಾಲವೂ ಬೇಕಾಗದು. ಗಡಿಯಾರವು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ತಪ್ಪಿತೆಂದರೆ ಎತ್ತರದಲ್ಲಿ 15 ಸೆಂಟಿಮೀಟರಿನ ತಪ್ಪು ಬರುತ್ತದೆ. ಇಂತಹ ಗಡಿಯಾರದೊಡನೆ, ಪ್ರತಿಕ್ಷಣವೂ ವಿಮಾನ ಎಲ್ಲಿದೆ, ಎತ್ತ ವಾಲಿದೆ ಎಂಬುದನ್ನು ತಿಳಿಸುವ ಉಪಕರಣಗಳೂ ಜೊತೆಗೆ ಇರಲೇಬೇಕು.

ಹೀಗೆ ಪ್ರತಿ ಸೆಕೆಂಡಿಗೆ ಸಹಸ್ರಸಹಸ್ರ ಮಿಡಿತಗಳನ್ನು ಬಿಡುತ್ತ ನಗರವನ್ನು ಪಟ್ಟೆಪಟ್ಟೆಯಾಗಿ ಗುಡಿಸಿಕೊಂಡು ಹೋದರೆ ಒಂದೊಂದು ಚದರ ಮೀಟರಿಗೂ ಹಲವು ಬಿಂದುಗಳ ಎತ್ತರ ದೊರೆಯುತ್ತದೆ. ಆ ಬಿಂದುಗಳನ್ನು ಗಣಕಯಂತ್ರದಲ್ಲಿ ಒಟ್ಟುಗೂಡಿಸಿದಾಗ ನಗರವು ಮೇಣದಲ್ಲಿ ಅಚ್ಚೊತ್ತಿದಂತೆ ಎದ್ದು ಕಾಣುತ್ತದೆ. ಮಾಳಿಗೆಯ ಕೈಪಿಡಿಗೋಡೆ, ಹೊಗೆಗೂಡು, ಹವಾನಿಯಂತ್ರಣದ ಪೆಟ್ಟಿಗೆ, ನ್ಯೂಯಾರ್ಕಿನ ಹಳೆಯ ಮನೆಗಳ ನೆತ್ತಿಯ ಮೇಲೆ ಇಂದಿಗೂ ಕಾಣುವ ಮರದ ನೀರುತೊಟ್ಟಿಗಳು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮರವೊಂದಿದ್ದರೆ ಒಂದೇ ಮಿಡಿತಕ್ಕೆ ಎರಡು ಮಾರ್ದನಿಗಳು ಬರುವುದುಂಟು: ಎಲೆಗೆ ತಾಗಿದ ಬೆಳಕು ಮೊದಲು, ಎಲೆಗಳ ಸಂದಿನಿಂದ ನುಸುಳಿ ನೆಲ ಮುಟ್ಟಿದ್ದು ಆಮೇಲೆ.

ಆಕಾರ ದೊರೆತ ಮೇಲೆ ನೆರಳಿನ ಗಣನೆ. ವರ್ಷದಲ್ಲಿ ಹಗಲು ಇರುವುದು ಸುಮಾರು 4,400 ಗಂಟೆಗಳು. ಪ್ರತಿ ಗಂಟೆಗೂ, ನಗರದ ಪ್ರತಿ ಚದರ ಮೀಟರಿಗೂ, ಸೂರ್ಯನಿಗೂ ಅದಕ್ಕೂ ನಡುವೆ ಏನಾದರೂ ಅಡ್ಡವಿದೆಯೆ ಎಂದು ನೋಡುತ್ತ ಹೋದರೆ ಯಂತ್ರಕ್ಕೂ ಬೇಸರ ಬಂದೀತು. ಈ ಕಷ್ಟವನ್ನು ಹಗುರಮಾಡಿದ ಉಪಾಯವು ಬಂದುದು ಕಾಡಿನಿಂದ ಎಂದರೆ ಆಶ್ಚರ್ಯವಾಗಬಹುದು. ದಟ್ಟವಾದ ಕಾಡಿನ ನೆಲಕ್ಕೆ ವರ್ಷದಲ್ಲಿ ಎಷ್ಟು ಬೆಳಕು ಇಳಿಯುತ್ತದೆ, ಅದರಲ್ಲಿ ಎಳೆಯ ಸಸಿಗಳು ಬದುಕಬಲ್ಲವೆ ಎಂಬುದು ಸಸ್ಯಪರಿಸರವನ್ನು ಅಭ್ಯಸಿಸುವವರ ಹಳೆಯ ಪ್ರಶ್ನೆ. ಅವರು ಮಾಡುತ್ತಿದ್ದುದಿಷ್ಟೆ: ಮೀನುಗಣ್ಣಿನ ಮಸೂರವುಳ್ಳ ಕ್ಯಾಮೆರಾವನ್ನು ಕಾಡಿನ ನೆಲದ ಮೇಲೆ ಮುಖ ಮೇಲಾಗಿ ಇಟ್ಟು ಒಂದು ಚಿತ್ರ ತೆಗೆಯುವುದು. ಇಡೀ ಆಕಾಶ ಒಂದು ದುಂಡನೆಯ ಬಟ್ಟಲಿನಂತೆ ಆ ಚಿತ್ರದಲ್ಲಿ ಬೀಳುತ್ತದೆ; ಎಲೆಕೊಂಬೆಗಳು ಕಪ್ಪಾಗಿಯೂ ಬಯಲು ಬೆಳ್ಳಗೂ ಕಾಣುತ್ತವೆ. ಆ ಚಿತ್ರದ ಮೇಲೆ ವರ್ಷದುದ್ದಕ್ಕೂ ಸೂರ್ಯನು ನಡೆಯುವ ದಾರಿಗಳನ್ನು ಬರೆದರೆ, ಯಾವ ತಿಂಗಳಿನ ಯಾವ ಹೊತ್ತಿನಲ್ಲಿ ಅಲ್ಲಿಗೆ ಬಿಸಿಲು ಬೀಳುತ್ತದೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕಾಡಿನಲ್ಲಿ ಹೀಗೆ ಕೆಲಸ ಮಾಡಿದ್ದ ಪಾಲ್ ರಿಚ್ ಎಂಬ ವಿಜ್ಞಾನಿ, ಪಿಂಡೆ ಫು ಎಂಬುವರೊಡನೆ ಸೇರಿ, ಕ್ಯಾಮೆರಾ ಇಲ್ಲದೆಯೇ ಇಂತಹ ಆಕಾಶಚಿತ್ರವನ್ನು ಎತ್ತರಗಳ ನಕ್ಷೆಯಿಂದ ಗಣಿಸುವ ಕ್ರಮವನ್ನು 1990ರ ದಶಕದ ಕೊನೆಯಲ್ಲಿ ರೂಪಿಸಿದರು. ಪ್ರತಿ ಬಿಂದುವಿನಿಂದಲೂ ಸುತ್ತಲೂ ನೋಡಿ ಯಾವ ದಿಕ್ಕಿನಲ್ಲಿ ಆಕಾಶ ಎಷ್ಟು ಎತ್ತರದವರೆಗೆ ಮುಚ್ಚಿದೆಯೆಂದು ಒಮ್ಮೆ ಗಣಿಸಿಟ್ಟುಕೊಂಡರಾಯಿತು. ಆಮೇಲೆ ವರ್ಷದ ಎಲ್ಲ ಸೂರ್ಯಪಥಗಳಿಗೂ ಅದೊಂದೇ ಚಿತ್ರ ಸಾಕು. ಮಾಳಿಗೆಯ ಮೇಲೆ ಅಂಗಾತ ಮಲಗಿ ಆಕಾಶವನ್ನು ನೋಡುವವನಿಗೆ ಏನು ಕಾಣುವುದೋ ಅದನ್ನೇ ಯಂತ್ರವು ಕಾಣುತ್ತದೆ. ನೇರ ಬಿಸಿಲು ಮಾತ್ರವಲ್ಲ, ಮೋಡ ಕವಿದ ದಿನ ಆಕಾಶದ ಎಲ್ಲ ಕಡೆಗಳಿಂದ ಸೋಸಿ ಬರುವ ಬೆಳಕನ್ನೂ ಇದರಿಂದ ಲೆಕ್ಕ ಹಾಕಬಹುದು; ತೆರೆದ ಆಕಾಶ ಹೆಚ್ಚಿದ್ದಷ್ಟೂ ಆ ಬೆಳಕು ಹೆಚ್ಚು.

ನ್ಯೂಯಾರ್ಕಿನ ಗಣನೆಯಿಂದ ಹೊರಬಂದ ಫಲವೇನು? ನಗರದ ಮಾಳಿಗೆಗಳಲ್ಲಿ ಮೂರರಲ್ಲಿ ಎರಡು ಪಾಲು ಸೌರಫಲಕಗಳಿಗೆ ತಕ್ಕವೆಂದು ತಿಳಿದುಬಂದಿತು. ಎಲ್ಲವನ್ನೂ ಬಳಸಿಕೊಂಡರೆ 5,847 ಮೆಗಾವಾಟ್ ಸಾಮರ್ಥ್ಯದ ಫಲಕಗಳನ್ನು ಕೂರಿಸಬಹುದು. ಅದು ನಗರದ ಅತ್ಯಧಿಕ ಬೇಡಿಕೆಯ ಹೊತ್ತಿನಲ್ಲಿ ಬೇಕಾಗುವ ವಿದ್ಯುತ್ತಿನ ನೂರಕ್ಕೆ 49.7 ಪಾಲಿಗೆ ಸಮ. ಆದರೆ ಇಡೀ ವರ್ಷದ ಬಳಕೆಯಲ್ಲಿ ನೂರಕ್ಕೆ 14 ಪಾಲು ಮಾತ್ರ. ಇದನ್ನು ಓದಿದ ಹಲವರಿಗೆ ಗೊಂದಲವಾಗುತ್ತದೆ. ಅರ್ಧವೋ, ಏಳರಲ್ಲೊಂದು ಪಾಲೋ? ಎರಡೂ ಸರಿ, ಏಕೆಂದರೆ ಅಳೆದುದು ಎರಡು ಬೇರೆ ಬೇರೆ ವಸ್ತುಗಳನ್ನು. ಕೊಳಾಯಿಯಿಂದ ನೀರು ಎಷ್ಟು ರಭಸದಿಂದ ಬೀಳುತ್ತಿದೆ ಎಂಬುದು ಒಂದು ಪ್ರಶ್ನೆ. ದಿನ ಮುಗಿದ ಮೇಲೆ ತೊಟ್ಟಿಯಲ್ಲಿ ಎಷ್ಟು ನೀರು ಸೇರಿದೆ ಎಂಬುದು ಇನ್ನೊಂದು. ಕಿಲೋವಾಟ್, ಮೆಗಾವಾಟುಗಳು ರಭಸದ ಅಳತೆ. ನಮ್ಮ ಬಿಲ್ಲಿನಲ್ಲಿ ಕಾಣುವ ಯೂನಿಟ್ಟು ತೊಟ್ಟಿಯ ನೀರಿನ ಅಳತೆ. ಸೂರ್ಯನ ಕೊಳಾಯಿ ರಾತ್ರಿ ಪೂರ್ತಿ ನಿಂತಿರುತ್ತದೆ, ಬೆಳಿಗ್ಗೆ ಸಂಜೆ ತೊಟ್ಟಿಕ್ಕುತ್ತದೆ, ಮೋಡ ಬಂದರೆ ಕುಗ್ಗುತ್ತದೆ. ವರ್ಷದ 8,760 ಗಂಟೆಗಳೂ ಪೂರ್ಣ ರಭಸದಿಂದ ಹರಿದರೆ ಒಂದು ಕಿಲೋವಾಟಿನ ಫಲಕದಿಂದ 8,760 ಯೂನಿಟ್ಟು ದೊರೆಯಬೇಕಾಗಿತ್ತು. ನ್ಯೂಯಾರ್ಕಿನಲ್ಲಿ ದೊರೆಯುವುದು ಸುಮಾರು 1,200, ಎಂದರೆ ಏಳರಲ್ಲೊಂದು ಪಾಲು. ಬಿಸಿಲು ಹೆಚ್ಚಾದ ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟಿನಂತೆ ವರ್ಷಕ್ಕೆ 1,400ರ ಮೇಲೆ ಬರುತ್ತದೆ.

ಹಾಗಾದರೆ ಮೊದಲನೆಯ ಅಂಕಿಗೆ ಬೆಲೆಯಿಲ್ಲವೆ? ಇದೆ. ನ್ಯೂಯಾರ್ಕಿನ ವಿದ್ಯುತ್ ವ್ಯವಸ್ಥೆಗೆ ಅತ್ಯಂತ ಕಠಿನವಾದ ಹೊತ್ತೆಂದರೆ ಬೇಸಗೆಯ ಸುಡುಬಿಸಿಲಿನ ಮಧ್ಯಾಹ್ನ. ಲಕ್ಷಾಂತರ ಹವಾನಿಯಂತ್ರಣ ಯಂತ್ರಗಳು ಒಮ್ಮೆಲೇ ತಿರುಗುತ್ತವೆ. ನೆಲದಡಿಯ ತಂತಿಗಳು ಕಾಯುತ್ತವೆ. 2006ರ ಜುಲೈ ತಿಂಗಳ ಸೆಕೆಯಲ್ಲಿ ಕ್ವೀನ್ಸ್ ಭಾಗದ ತಂತಿಗಳು ಒಂದರಮೇಲೊಂದು ಕೆಟ್ಟು, ಲಕ್ಷಕ್ಕೂ ಮಿಕ್ಕ ಜನ ವಿದ್ಯುತ್ತಿಲ್ಲದೆ ಕಳೆಯಬೇಕಾಯಿತು. ಕೆಲವರಿಗೆ ಒಂದು ವಾರ ದಾಟಿದರೂ ದೀಪ ಬರಲಿಲ್ಲ. ಸೆಕೆಯನ್ನು ತರುವ ಸೂರ್ಯನೇ ಆ ಹೊತ್ತಿನಲ್ಲಿ ಮಾಳಿಗೆಗಳ ಮೇಲೆ ವಿದ್ಯುತ್ತನ್ನೂ ಸುರಿಸುತ್ತಿರುತ್ತಾನೆ. ಆದುದರಿಂದ ಯಾವ ಬಡಾವಣೆಯಲ್ಲಿ ಬೇಡಿಕೆಯ ಶಿಖರವು ಬಿಸಿಲಿನ ಹೊತ್ತಿನಲ್ಲಿ ಬರುತ್ತದೆಯೋ ಅಲ್ಲಿ ಫಲಕಗಳನ್ನು ಹೆಚ್ಚಿಸಿದರೆ ತಂತಿಗಳ ಭಾರ ಇಳಿಯುತ್ತದೆ. ಮಾಳಿಗೆಗಳ ನಕ್ಷೆಯನ್ನು ತಂತಿಗಳ ನಕ್ಷೆಯ ಮೇಲೆ ಇಟ್ಟು ನೋಡುವುದರ ಲಾಭ ಇದು. ಆದರೆ 49.7 ಎಂಬುದನ್ನು ಮೇಲ್ಮಿತಿಯೆಂದು ತಿಳಿಯುವುದು ಲೇಸು. ನಗರದ ಎಲ್ಲ ಫಲಕಗಳೂ ಒಂದೇ ಗಳಿಗೆಯಲ್ಲಿ ಪೂರ್ಣಶಕ್ತಿಯಿಂದ ದುಡಿಯುವ ದಿನ ಬರಲಾರದು. ಮನೆಗಳೇ ತುಂಬಿರುವ ಬಡಾವಣೆಗಳಲ್ಲಿ ಬೇಡಿಕೆ ಏರುವುದು ಜನ ಕೆಲಸದಿಂದ ಹಿಂದಿರುಗುವ ಸಂಜೆಗೆ, ಸೂರ್ಯ ಇಳಿಯುವ ಹೊತ್ತಿಗೆ.

ಇಂತಹ ನಕ್ಷೆಯನ್ನು ಮಾಡಿದವರಲ್ಲಿ ನ್ಯೂಯಾರ್ಕಿನವರು ಮೊದಲಿಗರಲ್ಲ. ಸಾನ್ ಫ್ರಾನ್ಸಿಸ್ಕೋ ನಗರ 2007ರಲ್ಲಿಯೇ ತನ್ನದೊಂದನ್ನು ಅಂತರಜಾಲದಲ್ಲಿ ತೆರೆದಿತ್ತು; ಜರ್ಮನಿಯ ಓಸ್ನಾಬ್ರ್ಯೂಕ್ ಪಟ್ಟಣದ ಮಾಳಿಗೆಗಳನ್ನೆಲ್ಲ ಅಲ್ಲಿಯ ವಿದ್ಯಾಲಯದವರು 2008ರ ಹೊತ್ತಿಗೆ ಲೈಡಾರ್ ಅಳತೆಯಿಂದ ಗಣಿಸಿದ್ದರು. 2015ರಲ್ಲಿ ಗೂಗಲ್ ಸಂಸ್ಥೆ ‘ಪ್ರಾಜೆಕ್ಟ್ ಸನ್‌ರೂಫ್’ ಎಂಬ ಹೆಸರಿನಿಂದ ಇದೇ ಕೆಲಸವನ್ನು ಮೂರು ಊರುಗಳಲ್ಲಿ ತೊಡಗಿ ಆಮೇಲೆ ಬಹಳವಾಗಿ ವಿಸ್ತರಿಸಿತು. ಸಾನ್ ಫ್ರಾನ್ಸಿಸ್ಕೋದ ನಕ್ಷೆಯಲ್ಲಿ ಒಂದು ಗುಣವಿತ್ತು. ಮಾಳಿಗೆಯ ಅಂದಾಜಿನ ಜೊತೆಗೆ, ಈಗಾಗಲೇ ಫಲಕ ಹಾಕಿಸಿದ ಮನೆಗಳನ್ನೂ ಅದು ಚುಕ್ಕೆಯಿಟ್ಟು ತೋರಿಸುತ್ತಿತ್ತು. ನೋಡಲು ಇದು ಅಲಂಕಾರವೆನಿಸೀತು. ನನ್ನ ಎಣಿಕೆಯಲ್ಲಿ ಪ್ರಚಾರದ ದೃಷ್ಟಿಯಿಂದ ಅದೇ ಮುಖ್ಯವಾದುದು.

ಕಾರಣವನ್ನು ಹೇಳುತ್ತೇನೆ. ಬ್ರಯನ್ ಬೊಲಿಂಜರ್ ಮತ್ತು ಕೆನೆತ್ ಗಿಲ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕ್ಯಾಲಿಫೋರ್ನಿಯದಲ್ಲಿ ಯಾವ ಮನೆಯವರು ಯಾವಾಗ ಫಲಕ ಹಾಕಿಸಿದರೆಂಬುದನ್ನು ಪರಿಶೀಲಿಸಿ 2012ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಅಂಚೆವಲಯದಲ್ಲಿ ಹೊಸದಾಗಿ ಒಂದು ಮನೆಗೆ ಫಲಕ ಬಂದರೆ, ಅದೇ ವಲಯದಲ್ಲಿ ಮತ್ತೊಂದಕ್ಕೆ ಬರುವ ಸಂಭವವು ನೂರಕ್ಕೆ 0.78ರಷ್ಟು ಏರುತ್ತದೆಂದು ಅವರು ಕಂಡರು. ಅಂಕಿ ಅಲ್ಪವೆಂದು ತೋರಬಹುದು. ಆದರೆ ಒಂದು ಎರಡನ್ನು ತಂದು, ಎರಡು ನಾಲ್ಕನ್ನು ತರುವ ವ್ಯಾಪಾರ ಇದು. ನೆರೆಯವನು ಹೊಸ ಪಂಪು ಹಾಕಿಸಿದ ಮೇಲೆ ತಾನೂ ಹಾಕಿಸುವ ರೈತನನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಕಾಣದು. ನಗರದ ತೊಡಕೆಂದರೆ, ಚಪ್ಪಟೆ ಮಾಳಿಗೆಯ ಮೇಲಿನ ಫಲಕವು ಬೀದಿಯಲ್ಲಿ ಹೋಗುವವರಿಗೆ ಕಾಣಿಸುವುದಿಲ್ಲ. ನೆರೆಯವನ ಸಾಹಸವು ನೆರೆಯವನಿಗೇ ಗುಪ್ತವಾಗಿ ಉಳಿಯುತ್ತದೆ. ನಕ್ಷೆಯ ಚುಕ್ಕೆಯು ಆ ಮಾಳಿಗೆಯನ್ನು ಬೀದಿಗೆ ಇಳಿಸಿ ತೋರಿಸುತ್ತದೆ.

ಖರ್ಚಿನ ಮಾತೂ ಇದೆ. ಅಮೆರಿಕದಲ್ಲಿ 2012ರ ಸುಮಾರಿಗೆ ಒಂದು ಮನೆಯ ಸೌರವ್ಯವಸ್ಥೆಗೆ ತಗಲುತ್ತಿದ್ದ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಫಲಕಕ್ಕೂ ಯಂತ್ರಗಳಿಗೂ ಆಗುತ್ತಿದ್ದುದಲ್ಲ. ಗಿರಾಕಿಯನ್ನು ಹುಡುಕುವುದು, ಮನೆಗೆ ಹೋಗಿ ಅಳೆಯುವುದು, ಅನುಮತಿ ಪತ್ರಗಳು, ಕೂಲಿ ಮೊದಲಾದುವುಗಳಿಗೆ ಆಗುತ್ತಿದ್ದುದು. ಹತ್ತು ಮನೆ ಅಳೆದು ಒಂದು ಮನೆಯ ಕೆಲಸ ಸಿಕ್ಕಿದರೆ, ವ್ಯರ್ಥವಾದ ಒಂಬತ್ತು ತಿರುಗಾಟದ ವೆಚ್ಚವನ್ನು ಆ ಒಬ್ಬನೇ ತೆರಬೇಕಾಗುತ್ತದೆ. ತನ್ನ ಮಾಳಿಗೆ ನೆರಳಿನಲ್ಲಿದೆಯೆಂದು ನಕ್ಷೆಯಿಂದಲೇ ತಿಳಿದವನು ಯಾರನ್ನೂ ಕರೆಸುವುದಿಲ್ಲ. ಬಿಸಿಲಿನಲ್ಲಿದೆಯೆಂದು ತಿಳಿದವನು ವ್ಯಾಪಾರಿಯ ಮಾತನ್ನು ಒರೆಹಚ್ಚಿ ನೋಡಬಲ್ಲನು. ‘ನಿಮ್ಮ ಬಿಲ್ಲು ಸೊನ್ನೆಯಾಗುತ್ತದೆ, ಸ್ವಾಮಿ’ ಎಂದು ಬಾಗಿಲಿಗೆ ಬಂದವನಿಗೆ ಉತ್ತರ ಕೊಡಲು ಕೈಯಲ್ಲೊಂದು ಅಂಕಿಯಿರುವುದು ಸಣ್ಣ ಅನುಕೂಲವಲ್ಲ.

ಆದರೆ ನಕ್ಷೆಗೆ ಕಾಣದ ಸಂಗತಿಗಳೂ ಇವೆ. ಮಾಳಿಗೆಯ ಎತ್ತರ ಅದಕ್ಕೆ ತಿಳಿಯುತ್ತದೆ. ಕೆಳಗಿನ ತೊಲೆ ಗಟ್ಟಿಯೋ ಅಲ್ಲವೋ ತಿಳಿಯದು. ಬೆಂಕಿ ಆರಿಸುವ ದಳದವರು ಓಡಾಡಲು ಬಿಡಬೇಕಾದ ದಾರಿಯನ್ನು ಮನೆಯವನೇ ಕಳೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಳಿಗೆ ಯಾರದೆಂದು ನಕ್ಷೆ ಕೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಮೂರರಲ್ಲಿ ಎರಡು ಪಾಲು ಸಂಸಾರಗಳು ಬಾಡಿಗೆಮನೆಗಳಲ್ಲಿವೆ. ಬಿಲ್ಲು ಕಟ್ಟುವವನು ಬಾಡಿಗೆದಾರ, ಮಾಳಿಗೆಯ ಒಡೆಯನು ಬೇರೊಬ್ಬ. ಫಲಕದ ಖರ್ಚು ಒಬ್ಬನಿಗೆ, ಲಾಭ ಇನ್ನೊಬ್ಬನಿಗೆ ಎಂದಾದರೆ ಯಾರು ತಾನೆ ಮುಂದೆ ಬಂದಾರು? ನ್ಯೂಯಾರ್ಕ್ ರಾಜ್ಯವು 2015ರ ಜುಲೈಯಲ್ಲಿ ಇದಕ್ಕೊಂದು ದಾರಿ ಮಾಡಿತು. ಎಲ್ಲಿಯೋ ಒಂದು ಉಗ್ರಾಣದ ವಿಶಾಲವಾದ ಮಾಳಿಗೆಯ ಮೇಲೆ ಫಲಕ ಹಾಕಿ, ಅದರ ವಿದ್ಯುತ್ತಿನಲ್ಲಿ ಹಲವು ಮನೆಯವರು ಪಾಲು ಪಡೆದು ತಮ್ಮ ತಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳಲು ಅವಕಾಶವಾಯಿತು. ಅಂತಹ ಮಾಳಿಗೆಗಳನ್ನು ಹುಡುಕುವಾಗ ನಕ್ಷೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಪಾಠವನ್ನು ಕಲಿಸಿದ್ದು ಬಿರುಗಾಳಿ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಎಂಬ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿ ಲಕ್ಷಾಂತರ ಮನೆಗಳ ದೀಪ ಆರಿಸಿತು. ಮರುದಿನಗಳಲ್ಲಿ ಬಿಸಿಲು ಮೂಡಿದರೂ ಮಾಳಿಗೆಯ ಮೇಲಣ ಫಲಕಗಳಿಂದ ಕೆಳಗಿನ ಮನೆಗೆ ಒಂದು ದೀಪದಷ್ಟೂ ವಿದ್ಯುತ್ತು ಇಳಿಯಲಿಲ್ಲ. ಅವು ಕೆಟ್ಟಿರಲಿಲ್ಲ. ಬೀದಿಯ ತಂತಿಗೆ ಜೋಡಿಸಿದ ಸಾಧನವು ತಂತಿ ಸತ್ತೊಡನೆ ತಾನೂ ನಿಲ್ಲಬೇಕೆಂಬುದು ನಿಯಮ. ಇಲ್ಲದಿದ್ದರೆ ಸತ್ತ ತಂತಿಯೆಂದು ನಂಬಿ ಮುಟ್ಟಿದ ಕೆಲಸಗಾರನ ಪ್ರಾಣಕ್ಕೆ ಅಪಾಯ. ಬ್ಯಾಟರಿಯೂ ಅದಕ್ಕೆ ತಕ್ಕ ಪ್ರತ್ಯೇಕ ಏರ್ಪಾಡೂ ಇದ್ದರೆ ಮಾತ್ರ ಕತ್ತಲಲ್ಲಿ ಫಲಕ ನೆರವಾಗುತ್ತದೆ. ನಮ್ಮಲ್ಲಿಯೂ ಈ ನಿಯಮವಿರುವುದರಿಂದ, ಕರೆಂಟು ಹೋದಾಗ ಸೋಲಾರ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಮ್ಮ ನಾಡಿನಲ್ಲಿ ಸೌರವಿದ್ಯುತ್ತೆಂದರೆ ಎಲ್ಲರ ನೆನಪಿಗೆ ಬರುವುದು ಪಾವಗಡದ ಬಯಲು. ಸುಮಾರು 13,000 ಎಕರೆ ನೆಲ, 2,050 ಮೆಗಾವಾಟ್. ಮಾಳಿಗೆಗಾದರೆ ಹೊಸ ನೆಲ ಬೇಡ; ಆದರೆ ಚೂರುಚೂರಾದ ಆ ನೆಲವನ್ನು ಹುಡುಕಿ ಅಳೆಯುವುದೇ ಕಷ್ಟ. ಇದನ್ನು ಮನಗಂಡು, 2010ರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಸಿ-ಸ್ಟೆಪ್ ಎಂಬ ಸಂಶೋಧನ ಸಂಸ್ಥೆ ಲೈಡಾರ್ ಅಳತೆಯ ಆಧಾರದಿಂದ ‘ಕ್ರೆಸ್ಟ್’ ಎಂಬ ಇಂತಹದೇ ನಕ್ಷಾಸಾಧನವನ್ನು ಬೆಂಗಳೂರು ನಗರಕ್ಕಾಗಿ ರೂಪಿಸಿತು. ಇಲ್ಲಿಯ ಮಾಳಿಗೆಯ ಚಿತ್ರ ನ್ಯೂಯಾರ್ಕಿನದಕ್ಕಿಂತ ಬೇರೆ. ಮೂವತ್ತು ನಲವತ್ತರ ನಿವೇಶನದ ಮೇಲೆ ಕಟ್ಟಿದ ಮನೆ. ಒಂದು ಮೂಲೆಯಲ್ಲಿ ಮೆಟ್ಟಿಲಮನೆ, ಅದರ ನೆತ್ತಿಯ ಮೇಲೆ ಕಪ್ಪು ನೀರುತೊಟ್ಟಿ, ನೀರು ಕಾಯಿಸುವ ಸೌರಸಾಧನ, ಬಟ್ಟೆ ಒಣಹಾಕುವ ತಂತಿ, ತುಳಸಿ ಗಿಡದ ಕುಂಡ. ಉಳಿದ ಜಾಗದಲ್ಲಿ 3 ಕಿಲೋವಾಟಿನ ಫಲಕಗಳಿಗೆ ಸುಮಾರು 300 ಚದರ ಅಡಿ ಬೇಕು. ಅಷ್ಟು ಸಿಕ್ಕಿದರೆ ತಿಂಗಳಿಗೆ ಸುಮಾರು 360 ಯೂನಿಟ್ಟು. ಒಂದು ಸಂಸಾರಕ್ಕೆ ಧಾರಾಳವಾಯಿತು. 2024ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯು ಅಷ್ಟು ಸಾಮರ್ಥ್ಯಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಉಳಿದ ಹಣ ಮನೆಯವನದು. ಆದುದರಿಂದ ನೆರಳಿನ ಲೆಕ್ಕ ತಪ್ಪಿದರೆ ನಷ್ಟವೂ ಅವನದೇ.

ಈ ಲೆಕ್ಕವನ್ನು ತಪ್ಪಿಸುವ ಸಂಗತಿಯೊಂದು ನಮ್ಮ ಊರುಗಳಲ್ಲಿ ವಿಶೇಷವಾಗಿ ಉಂಟು. ನಕ್ಷೆಯು ವಿಮಾನ ಹಾರಿದ ದಿನದ ನಗರವನ್ನು ಮಾತ್ರ ಬಲ್ಲದು. ನ್ಯೂಯಾರ್ಕಿನವರು ತಮ್ಮ ನಗರವನ್ನು 2017ರಲ್ಲಿ ಮತ್ತೊಮ್ಮೆ ಲೈಡಾರಿನಿಂದ ಅಳೆದರು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಏಳು ವರ್ಷವೆಂದರೆ ಬಹು ದೀರ್ಘಕಾಲ. ಎರಡಂತಸ್ತಿನ ಮನೆ ಅಷ್ಟರೊಳಗೆ ಒಡೆದು ನಾಲ್ಕಂತಸ್ತಾಗಿರುತ್ತದೆ. ನಾನಿರುವ ಮನೆಯ ದಕ್ಷಿಣಕ್ಕೆ ಒಂದು ಖಾಲಿ ನಿವೇಶನವಿದೆ. ಈಗಿನ ನೆರಳನ್ನೇ ನಂಬಿದರೆ ನಮ್ಮ ಮಾಳಿಗೆಯ ಮುಕ್ಕಾಲು ಭಾಗ ಫಲಕಗಳಿಗೆ ಯೋಗ್ಯ. ಅಲ್ಲಿ ಹತ್ತು ಮೀಟರು ಎತ್ತರದ ಕಟ್ಟಡವೊಂದು ಎದ್ದರೆ ಡಿಸೆಂಬರಿನ ನಡುಹಗಲಿನಲ್ಲಿ ಅದರ ನೆರಳು ಏಳು ಮೀಟರಿಗೂ ಮಿಕ್ಕಿ ಉತ್ತರಕ್ಕೆ ಚಾಚುತ್ತದೆ. ನಮ್ಮ ಮಾಳಿಗೆಯೂ ನೆಲದಿಂದ ಏಳು ಮೀಟರು ಮೇಲಿರುವುದರಿಂದ ಅದರ ಮೇಲೆ ಬೀಳುವುದು ಎರಡು ಮೀಟರಿನ ನೆರಳು. ಅದರಲ್ಲಿಯೂ ಮಧ್ಯದ ಗೋಡೆಯಿಂದ ಮನೆಗಿರುವ ಅಂತರ ಕಳೆಯಬೇಕು. ಇದನ್ನು ಕಂಡುಕೊಳ್ಳಲು ತ್ರಿಕೋಣಮಿತಿಯ ಒಂದು ಸಾಲು ಸಾಕಾಯಿತು. ನಾಲ್ಕಂತಸ್ತಿನ ಮೇಲೆ ಐದನೆಯದು ಬಂದರೆ ಏನಾಗುವುದೆಂಬ ಲೆಕ್ಕವನ್ನು ಹಾಕಿಟ್ಟುಕೊಂಡು, ಫಲಕಗಳನ್ನು ಮಾಳಿಗೆಯ ಉತ್ತರದ ಅಂಚಿಗೆ ಸರಿಸಿ ಹಾಕಿಸುವುದೆಂದು ನಿಶ್ಚಯಿಸಿದ್ದೇವೆ.